ನೀರಿಗೆ ಹತ್ತಿದ ಬಣ್ಣವನ್ನು ಬಿಡಿಸುವ ಬಗೆ

ಸಂಸ್ಕೃತದ ಆಲಂಕಾರಿಕರು ಅನುರಾಗವನ್ನು ಬಟ್ಟೆಯ ಬಣ್ಣಕ್ಕೆ ಹೋಲಿಸಿ ಮೂರು ಬಗೆಯಾಗಿ ವಿಂಗಡಿಸಿರುವರು. ನೀಲೀರಾಗವು ಅಷ್ಟಾಗಿ ಹೊಳೆಯದು, ಆದರೆ ಬಿಡದು. ಕುಸುಂಭರಾಗವು, ಎಂದರೆ ಕುಸುಬೆಯ ಹೂವಿನ ಬಣ್ಣವು, ಚೆನ್ನಾಗಿ ಹೊಳೆಯುವುದು, ಆದರೆ ಬೇಗನೆ ಬಿಟ್ಟುಹೋಗುವುದು. ಮಂಜಿಷ್ಠಾರಾಗವೋ ಹೊಳೆಯಲೂ ಹೊಳೆಯುವುದು, ಬಿಡಲೂ ಬಿಡದು. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಈ ವಿಭಾಗವನ್ನು ನೋಡಬಹುದು. ‘ರಾಗ’ವೆಂಬ ಶಬ್ದಕ್ಕೆ ಬಣ್ಣವೆಂದೂ ಪ್ರೀತಿಯೆಂದೂ ಎರಡರ್ಥಗಳಿರುವುದರಿಂದ ಈ ಹೋಲಿಕೆಯು ಅವರಿಗೆ ಸುಲಭವಾಗಿ ಒದಗಿತು. ಆದರೂ ಇದನ್ನು ಮೊದಲು ಕಲ್ಪಿಸಿದವನು ಮಡಿವಾಳನ ಒಗೆಯುವ ಕಲ್ಲಿನ ಬಳಿ ಕೆಲಕಾಲ ನಿಂತು ನೋಡಿದ್ದವನೇ ಆಗಿರಬೇಕೆಂದು ನನಗೆ ತೋರುವುದು.

ಬಣ್ಣಗಾರನು ಬಯಸುವುದು ಮಂಜಿಷ್ಠಾರಾಗವನ್ನು. ಸೀರೆಯನ್ನು ಕೊಳ್ಳುವ ಗೃಹಿಣಿಯು ಬಯಸುವುದೂ ಅದನ್ನೇ. ಬಿಸಿಲಿಗೆ ಮಾಸಬಾರದು, ಸಾಬೂನಿಗೆ ಅಂಜಬಾರದು, ಪಕ್ಕದ ಬಿಳಿಯ ಪಂಚೆಗೆ ಹತ್ತಬಾರದು. ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ರಸಾಯನಶಾಸ್ತ್ರಜ್ಞರು ಈ ಬಯಕೆಯನ್ನು ಬಹುಮಟ್ಟಿಗೆ ಈಡೇರಿಸಿಕೊಟ್ಟಿರುವರು. ಆದರೆ ಬಟ್ಟೆಯಲ್ಲಿ ಗುಣವಾದುದು ನದಿಯಲ್ಲಿ ದೋಷವಾಯಿತು. ಬಿಸಿಲಿಗೂ ಸಾಬೂನಿಗೂ ಅಂಜದ ಬಣ್ಣವು ಹೊಳೆಯ ಬಿಸಿಲಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅಂಜುವುದಿಲ್ಲ. ಬಟ್ಟೆಯನ್ನು ಬಿಡದಂತೆಯೇ ಅದು ನೀರನ್ನೂ ಬಿಡದು.

ಈ ಕೃತಕ ವರ್ಣಗಳ ಚರಿತ್ರೆಯು ೧೮೫೬ರಲ್ಲಿ ಆರಂಭವಾಗುವುದು. ಆ ವರ್ಷ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗನು ಕಲ್ಲಿದ್ದಲಿನ ಟಾರಿನಿಂದ ಬಂದ ವಸ್ತುಗಳಿಂದ ಚಳಿಜ್ವರದ ಮದ್ದಾದ ಕ್ವಿನೈನನ್ನು ಮಾಡಲು ಹೊರಟನು. ಕ್ವಿನೈನು ಬರಲಿಲ್ಲ, ಕಪ್ಪಾದ ಒಂದು ಗಷ್ಟು ಬಂದಿತು. ಅದನ್ನು ಮದ್ಯಸಾರದಲ್ಲಿ ಕರಗಿಸಿದಾಗ ಸೊಗಸಾದ ಊದಾಬಣ್ಣ! ಎರಡು ವರ್ಷಗಳ ತರುವಾಯ ಪೀಟರ್ ಗ್ರೀಸ್ ಎಂಬ ಜರ್ಮನ್ ವಿದ್ವಾಂಸನು ಕಂಡುಹಿಡಿದ ಒಂದು ರಾಸಾಯನಿಕ ಕ್ರಿಯೆಯಿಂದ ‘ಅಜೋ’ ವರ್ಣಗಳೆಂಬ ದೊಡ್ಡ ಕುಲವೇ ಹುಟ್ಟಿಕೊಂಡಿತು. ೧೮೯೭ರಲ್ಲಿ ಜರ್ಮನಿಯ ಕಾರ್ಖಾನೆಯು ಕೃತಕ ನೀಲಿಯನ್ನು ಮಾರಾಟಕ್ಕೆ ತಂದಿತು. ಅದರಿಂದ ಬಿಹಾರದ ನೀಲಿಯ ಬೆಳೆಗೆ ಬಿದ್ದ ಪೆಟ್ಟೂ, ಕೊನೆಗೆ ೧೯೧೭ರಲ್ಲಿ ಗಾಂಧೀಜಿಯವರು ಚಂಪಾರಣಕ್ಕೆ ಹೋಗಬೇಕಾಗಿ ಬಂದ ಕಥೆಯೂ ನಮ್ಮವರಿಗೆ ತಿಳಿದೇ ಇರುವುವು. ಇಂದು ಬಳಕೆಯಲ್ಲಿರುವ ಕೃತಕ ವರ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಜೋ ಕುಲದವೇ. ಸಾರಜನಕದ ಎರಡು ಪರಮಾಣುಗಳು ಒಂದನ್ನೊಂದು ಎರಡು ಕೈಗಳಿಂದಲೂ ಹಿಡಿದುಕೊಂಡಿರುವುದು ಈ ಕುಲದ ಲಕ್ಷಣ. ಆ ಕೊಂಡಿಯ ಎರಡು ಪಕ್ಕಗಳಲ್ಲಿ ಇಂಗಾಲದ ಉಂಗುರಗಳು ಜೋತುಕೊಂಡಿರುವುವು. ಬಣ್ಣದ ರಹಸ್ಯವೆಲ್ಲವೂ ಈ ಕೊಂಡಿಯಲ್ಲಿದೆ; ಇದು ಮುರಿದರೆ ಬಣ್ಣ ಹೋಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಇದೇ ಮಾತು ನಮ್ಮನ್ನು ಮೋಸಗೊಳಿಸಲು ಬರುವುದು.

ಬಣ್ಣದ ತೊಟ್ಟಿಗೆ ಹಾಕಿದ ವರ್ಣವೆಲ್ಲವೂ ನೂಲಿಗೆ ಹಿಡಿಯುವುದಿಲ್ಲ. ಹತ್ತಿಯ ಬಟ್ಟೆಗೆ ಈಗ ಹೆಚ್ಚಾಗಿ ಹಾಕುವ ‘ರಿಯಾಕ್ಟಿವ್’ ವರ್ಣಗಳು ೧೯೫೬ರಲ್ಲಿ ಮಾರುಕಟ್ಟೆಗೆ ಬಂದವು; ಇವು ನೂಲಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವುವಾದುದರಿಂದ ಬಹು ಗಟ್ಟಿ. ಆದರೆ ಬೆಸೆದುಕೊಳ್ಳುವುದಕ್ಕೆ ಮುಂಚೆಯೇ ನೀರಿನೊಡನೆ ಕೂಡಿ ಕೆಟ್ಟುಹೋದ ಪಾಲು ತೊಳೆಯುವ ನೀರಿನೊಡನೆ ಹರಿದುಹೋಗುವುದು. ಈ ಪಾಲು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಮೂವತ್ತರವರೆಗೆ, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚಾಗಿ ಇರುವುದುಂಟು. ಒಂದು ಲೀಟರು ನೀರಿನಲ್ಲಿ ಒಂದು ಮಿಲಿಗ್ರಾಂ ವರ್ಣವಿದ್ದರೂ ಸಾಕು, ಕಣ್ಣಿಗೆ ಕಾಣುವುದು. ನೀರಿಗೆ ಬಣ್ಣ ಬಂದರೆ ಬಿಸಿಲು ಒಳಕ್ಕೆ ಇಳಿಯದು. ಬಿಸಿಲಿಲ್ಲದೆ ಜಲಸಸ್ಯಗಳು ಸೊರಗುವುವು. ಅವು ಸೊರಗಿದರೆ ಮೀನಿಗೆ ಬೇಕಾದ ಆಮ್ಲಜನಕವು ಕಡಮೆಯಾಗುವುದು. ಇದಕ್ಕಿಂತ ಭಯಂಕರವಾದುದು ಮತ್ತೊಂದುಂಟು. ಗಾಳಿಯಾಡದ ಕೆಸರಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ಅಜೋ ಕೊಂಡಿಯನ್ನು ಮುರಿದು ‘ಅಮೀನು’ಗಳೆಂಬ ವಸ್ತುಗಳನ್ನು ಉಳಿಸುವುವು. ಇವಕ್ಕೆ ಬಣ್ಣವಿಲ್ಲ, ಆದರೆ ಇವುಗಳಲ್ಲಿ ಕೆಲವು ಅರ್ಬುದವನ್ನು ಉಂಟುಮಾಡತಕ್ಕವು. ವರ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಅರ್ಬುದವು ಕಾಣಿಸಿಕೊಳ್ಳುವುದನ್ನು ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯನಾದ ಲೂಡ್‌ವಿಗ್ ರೇನ್ ಎಂಬವನು ೧೮೯೫ರಷ್ಟು ಹಿಂದೆಯೇ ತಿಳಿಸಿದ್ದನು.

ನಮ್ಮ ದಕ್ಷಿಣದೇಶದಲ್ಲಿ ಈ ಕಷ್ಟವನ್ನು ಉಂಡ ನದಿಯು ನೊಯ್ಯಲ್. ಅದು ಕೊಯಮುತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ತಿರುಪ್ಪೂರಿನ ನಡುವೆ ಹಾದು, ಕೊಡಗಿನಿಂದ ಇಳಿದು ಬಂದ ನಮ್ಮ ಕಾವೇರಿಯನ್ನು ಕರೂರು ಸೀಮೆಯಲ್ಲಿ ಸೇರುವುದು. ನಮ್ಮ ಮನೆಗಳ ಬನಿಯನ್ನುಗಳಲ್ಲಿ ಅನೇಕವು ಹುಟ್ಟುವ ಊರು ತಿರುಪ್ಪೂರು. ಅಲ್ಲಿಯ ನೂರಾರು ಬಣ್ಣದ ಮನೆಗಳಿಂದ ಹೊರಟ ನೀರು ನದಿಗೆ ಹರಿದು, ವ್ಯವಸಾಯಕ್ಕೆಂದು ೧೯೯೦ರ ದಶಕದ ಆರಂಭದಲ್ಲಿ ಮುಗಿದ ಒರತ್ತುಪಾಳ್ಯಂ ಅಣೆಕಟ್ಟಿನ ಹಿಂದೆ ನಿಂತಿತು. ಕೆರೆ ತುಂಬಿದರೆ ಸಂತೋಷಪಡಬೇಕಾದ ರೈತರು, ಆ ನೀರು ತಮ್ಮ ಹೊಲಕ್ಕೆ ಬಾರದಿದ್ದರೆ ಸಾಕೆನ್ನುವಂತಾಯಿತು. ಆಯಕಟ್ಟಿನವರು ನ್ಯಾಯಾಲಯಕ್ಕೆ ಹೋದರು. ೨೦೧೧ರ ಜನವರಿಯಲ್ಲಿ ಮದರಾಸಿನ ಉಚ್ಚನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಮತ್ತು ಚಲುವೆಯ ಕಾರ್ಖಾನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಮಾಡಿತು. ಆಗ ಕೂಲಿಯವರ ಒಲೆಗಳು ಆರಿದವು. ಹೊಲವನ್ನು ಕಳೆದುಕೊಂಡ ರೈತನೂ ಬಡವನೇ, ಕೆಲಸವನ್ನು ಕಳೆದುಕೊಂಡ ಕೂಲಿಯವನೂ ಬಡವನೇ; ಇಬ್ಬರಲ್ಲಿ ಯಾರ ಪಕ್ಷವನ್ನು ಹಿಡಿಯೋಣ? ನೀರನ್ನು ಶುದ್ಧಿಮಾಡುವ ಅಗ್ಗವಾದ ಉಪಾಯವೊಂದು ದೊರೆತರೆ ಮಾತ್ರ ಈ ವ್ಯಾಜ್ಯವು ನಿಜವಾಗಿ ತೀರುವುದು.

ಹಳೆಯ ಉಪಾಯಗಳು ಇಲ್ಲದೆ ಇಲ್ಲ. ಸುಣ್ಣವನ್ನೋ ಪಟಿಕವನ್ನೋ ಹಾಕಿದರೆ ಬಣ್ಣದ ಬಹುಭಾಗವು ಗಷ್ಟಾಗಿ ತಳಕ್ಕೆ ಇಳಿಯುವುದು. ಇದ್ದಲಿನ ಪುಡಿಯು ಬಣ್ಣವನ್ನು ಹೀರಿಕೊಳ್ಳುವುದು. ಆದರೆ ಇದು ಕಸವನ್ನು ಗುಡಿಸಿ ಮೂಲೆಗೆ ಒಟ್ಟಿದಂತೆ. ಮನೆಯಿಂದ ಹೊರಕ್ಕೆ ಹಾಕಿದಂತಲ್ಲ. ನೀರಿನಲ್ಲಿದ್ದ ವಿಷವು ಕೆಸರಿಗೆ ಬಂದಿತು, ಅಷ್ಟೆ. ವರ್ಣದ ಅಣುವನ್ನೇ ಸುಟ್ಟು ಇಂಗಾಲಾಮ್ಲವಾಯುವನ್ನಾಗಿಯೂ ನೀರನ್ನಾಗಿಯೂ ಮಾಡಿಬಿಡಬೇಕು. ಬೆಂಕಿಯಿಲ್ಲದೆ, ನೀರಿನೊಳಗೇ ಸುಡುವ ವಿದ್ಯೆ ಯಾವುದು?

ಇದರ ಬೀಜವು ಹುಣಸೆಯ ಹುಳಿಯಲ್ಲಿದೆಯೆಂದರೆ ನಮ್ಮ ಹೆಣ್ಣುಮಕ್ಕಳು ನಕ್ಕಾರು. ಹುಣಸೆಹಣ್ಣಿಗೆ ಹುಳಿಯನ್ನು ಕೊಡುವ ಮುಖ್ಯವಸ್ತು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲಿಯೂ ಅದೇ ಇದೆ. ೧೮೭೬ರಲ್ಲಿ ಕೇಂಬ್ರಿಡ್ಜಿನ ಹೆನ್ರಿ ಫೆಂಟನ್ ಎಂಬವನು ಈ ಆಮ್ಲಕ್ಕೆ ಸ್ವಲ್ಪ ಕಬ್ಬಿಣದ ಲವಣವನ್ನೂ ಹೈಡ್ರೊಜನ್ ಪೆರಾಕ್ಸೈಡನ್ನೂ ಸೇರಿಸಿ, ಬಳಿಕ ಕ್ಷಾರವನ್ನು ಹಾಕಿದಾಗ ದ್ರವವು ನೇರಳೆಯ ಬಣ್ಣಕ್ಕೆ ತಿರುಗಿದುದನ್ನು ಕಂಡನು. ಅದರ ವಿಸ್ತಾರವಾದ ವಿವರಣೆಯನ್ನು ೧೮೯೪ರಲ್ಲಿ ಪ್ರಕಟಿಸಿದನು. ಬರಿಯ ಪೆರಾಕ್ಸೈಡು ಆ ಆಮ್ಲವನ್ನು ಮುಟ್ಟಲಾರದು. ಚಿಟಿಕೆಯಷ್ಟು ಕಬ್ಬಿಣವಿದ್ದರೆ ಅದೇ ಪೆರಾಕ್ಸೈಡು ಹುಲಿಯಾಗುವುದು. ಹೀಗೇಕೆಂಬುದು ಬಹುಕಾಲದವರೆಗೆ ತಿಳಿದಿರಲಿಲ್ಲ. ೧೯೩೪ರಲ್ಲಿ ಹೇಬರ್ ಮತ್ತು ವೈಸ್ ಎಂಬ ವಿದ್ವಾಂಸರು ಇದಕ್ಕೆ ಸಮಾಧಾನವನ್ನು ಸೂಚಿಸಿದರು. ಪೆರಾಕ್ಸೈಡಿನ ಅಣುವೆಂದರೆ ನೀರಿನ ಅಣುವಿಗೆ ಆಮ್ಲಜನಕದ ಇನ್ನೊಂದು ಪರಮಾಣುವು ಹೆಚ್ಚಾಗಿ ಅಂಟಿಕೊಂಡದ್ದು. ಕಬ್ಬಿಣವು ಅದಕ್ಕೆ ಒಂದು ಎಲೆಕ್ಟ್ರಾನನ್ನು ಕೊಟ್ಟು ಅದನ್ನು ಎರಡಾಗಿ ಸೀಳುವುದು. ಸೀಳಿದ ತುಂಡುಗಳಲ್ಲಿ ಒಂದರ ಹೆಸರು ಹೈಡ್ರಾಕ್ಸಿಲ್ ರಾಡಿಕಲ್. ಆಮ್ಲಜನಕದ ಒಂದು ಪರಮಾಣುವೂ ಜಲಜನಕದ ಒಂದು ಪರಮಾಣುವೂ ಮಾತ್ರ ಸೇರಿದ ಈ ತುಂಡು ಸದಾ ಹಸಿದಿರುವುದು. ನೀರಿನಲ್ಲಿ ಇದಕ್ಕಿಂತ ಬಲವಾಗಿ ಸುಡತಕ್ಕ ವಸ್ತುವನ್ನು ಕಾಣುವುದು ದುರ್ಲಭ. ಓಜೋನು ಕೂಡ ಇದರ ಸಮಕ್ಕೆ ಬಾರದು. ಎದುರಿಗೆ ಸಿಕ್ಕಿದ ವರ್ಣದ ಅಣುವಿನ ಕೊಂಡಿಯನ್ನೂ ಉಂಗುರವನ್ನೂ ಇದು ಕಡಿದುಹಾಕುವುದು. ಆಯುಸ್ಸು ಮಾತ್ರ ಅತ್ಯಲ್ಪ: ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲನ್ನೂ ಅದು ಬದುಕಲಾರದು. ಆದುದರಿಂದ ಇದನ್ನು ಸೀಸೆಯಲ್ಲಿ ತುಂಬಿಡುವ ಹಾಗಿಲ್ಲ. ಬೇಕಾದಲ್ಲಿಯೇ ಹುಟ್ಟಿಸಬೇಕು, ಹುಟ್ಟಿದಲ್ಲಿಯೇ ಅದು ಕೆಲಸ ಮಾಡಬೇಕು.

ಕಬ್ಬಿಣವು ಇಲ್ಲಿ ವೇಗವರ್ಧಕ, ಎಂದರೆ ಕ್ರಿಯೆಯನ್ನು ನಡೆಸಿಕೊಟ್ಟು ತಾನು ವೆಚ್ಚವಾಗದೆ ಉಳಿಯತಕ್ಕದ್ದು. ನೂರು ಮದುವೆಗಳನ್ನು ಮಾಡಿಸಿಯೂ ಯಾವುದರಲ್ಲಿಯೂ ತಾನು ವರನಾಗದ ಪುರೋಹಿತನಂತೆಂದು ನಾನು ಮಕ್ಕಳಿಗೆ ಹೇಳುತ್ತಿದ್ದೆನು. ಆದರೆ ಈ ಪುರೋಹಿತನಿಗೆ ಕೆಲವು ನಿಯಮಗಳುಂಟು. ನೀರು ನಿಂಬೆಹಣ್ಣಿನ ಪಾನಕದಷ್ಟು ಹುಳಿಯಾಗಿರಬೇಕು. ಶಾಸ್ತ್ರಜ್ಞರ ಅಳತೆಯಲ್ಲಿ ಪಿಎಚ್ ೩ರ ಸುಮಾರು. ಹುಳಿಯು ಕಡಮೆಯಾದರೆ ಕಬ್ಬಿಣವು ತುಕ್ಕಿನ ಬಣ್ಣದ ಕೆಸರಾಗಿ ಕುಳಿತುಬಿಡುವುದು. ಬಣ್ಣದ ಮನೆಯ ನೀರೋ ಸಾಮಾನ್ಯವಾಗಿ ಕ್ಷಾರ. ಅದಕ್ಕೆ ಆಮ್ಲವನ್ನು ಸುರಿದು ಹುಳಿಮಾಡಬೇಕು, ಕೆಲಸ ಮುಗಿದ ಮೇಲೆ ಸುಣ್ಣವನ್ನು ಸುರಿದು ಹುಳಿಯನ್ನು ತೆಗೆಯಬೇಕು, ಆಗ ರಾಶಿಬೀಳುವ ಕೆಂಪು ಕೆಸರನ್ನು ಎಲ್ಲಿಯಾದರೂ ಸಾಗಿಸಬೇಕು. ಇದೇ ಫೆಂಟನ್ನನ ಕ್ರಮದ ಖರ್ಚು.

ಇನ್ನು ಎರಡನೆಯ ಉಪಾಯಕ್ಕೆ ಬರೋಣ. ಅದನ್ನು ತಿಳಿಯಬೇಕಾದರೆ ಒಲೆಯ ಮೇಲಿಟ್ಟ ನೀರಿಗೆ ಕಿವಿಗೊಡಬೇಕು. ನೀರು ಕುದಿಯುವುದಕ್ಕೆ ಸ್ವಲ್ಪ ಮುಂಚೆ ಪಾತ್ರೆಯು ಹಾಡುವುದು. ನಿಜವಾಗಿ ಕುದಿಬಂದ ಮೇಲೆ ಆ ಶಬ್ದವು ಮೆತ್ತಗಾಗುವುದು. ಕಾರಣವೇನು? ಕಾದ ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಗಳು ಮೇಲಕ್ಕೆ ಏಳುತ್ತ ಇನ್ನೂ ತಣ್ಣಗಿರುವ ನೀರನ್ನು ಮುಟ್ಟಿದೊಡನೆ ಒಳಗಿನ ಆವಿಯು ನೀರಾಗಿ, ಗುಳ್ಳೆಯು ಕುಸಿಯುವುದು. ಸುತ್ತಲಿನ ನೀರು ಆ ಬರಿದಾದ ಎಡೆಗೆ ನುಗ್ಗಿ ತನಗೆ ತಾನೇ ಡಿಕ್ಕಿಹೊಡೆಯುವುದು. ನಾವು ಕೇಳುವ ಹಾಡು ಸಾವಿರಾರು ಡಿಕ್ಕಿಗಳ ಸದ್ದು. ಆಸ್‌ಬರ್ನ್ ರೆನಾಲ್ಡ್ಸ್ ಎಂಬ ಇಂಜಿನಿಯರನು ಈ ಕೆಟಲಿನ ಶಬ್ದವನ್ನು ಕುರಿತು ಬರೆದುದನ್ನು ಓದಿಯೇ ಪ್ರಸಿದ್ಧನಾದ ರೇಲೀ ಪ್ರಭುವು, ಕುಸಿಯುವ ಗುಳ್ಳೆಯಲ್ಲಿ ಎಷ್ಟು ಒತ್ತಡವು ಹುಟ್ಟಬಹುದೆಂದು ೧೯೧೭ರಲ್ಲಿ ಲೆಕ್ಕ ಹಾಕಿದನು. ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ವೃದ್ಧ ವಿದ್ವಾಂಸನೊಬ್ಬನು ಅಡಿಗೆಮನೆಯ ಸದ್ದನ್ನು ಹಿಡಿದು ಗಣಿತಕ್ಕೆ ಕುಳಿತುದು ನನಗೆ ಬಹಳ ಪ್ರಿಯವಾದ ಸಂಗತಿ.

ಅವನ ಲೆಕ್ಕಕ್ಕೆ ಹಡಗುಗಳವರ ಕಷ್ಟವೂ ಪ್ರೇರಕವಾಗಿತ್ತು. ೧೮೯೩ರಲ್ಲಿ ಬ್ರಿಟಿಷರ ‘ಡೇರಿಂಗ್’ ಎಂಬ ಯುದ್ಧನೌಕೆಯು ಯಂತ್ರವೆಷ್ಟು ತಿರುಗಿದರೂ ನಿರೀಕ್ಷಿಸಿದ ವೇಗವನ್ನು ಪಡೆಯಲಿಲ್ಲ. ಬಿರುಸಾಗಿ ತಿರುಗುವ ಪಂಖದ ಹಿಂದೆ ನೀರಿನ ಒತ್ತಡವು ತೀರ ಕುಗ್ಗಿ, ಅಲ್ಲಿ ಟೊಳ್ಳುಗಳು ಏಳುತ್ತಿದ್ದವು. ಪಂಖವು ನೀರನ್ನು ತಳ್ಳುವ ಬದಲು ಟೊಳ್ಳನ್ನೇ ಕಡೆಯುತ್ತಿತ್ತು. ಇದಕ್ಕೆ ಫ್ರೂಡ್ ಎಂಬವನು ‘ಕ್ಯಾವಿಟೇಷನ್’ ಎಂದು ಹೆಸರಿಟ್ಟನು. ಸಂಸ್ಕೃತದಲ್ಲಿ ಕುಹರವೆಂದರೆ ಟೊಳ್ಳಾದುದರಿಂದ ‘ಕುಹರೋತ್ಪತ್ತಿ’ ಎನ್ನಬಹುದು. ಆಡುಮಾತಿನಲ್ಲಿ ಗುಳ್ಳೆಗಟ್ಟುವಿಕೆಯೆಂದರೂ ಸಾಕು. ಚಾರ್ಲ್ಸ್ ಪಾರ್ಸನ್ಸನ ‘ಟರ್ಬಿನಿಯಾ’ ಹಡಗು ಮೊದಲು ೨೦ ನಾಟನ್ನೂ ಮುಟ್ಟದೆ, ಒಂದು ಪಂಖದ ಬದಲು ಒಂಬತ್ತು ಪಂಖಗಳನ್ನು ಕಟ್ಟಿದ ಮೇಲೆ ಸುಮಾರು ೩೪ ನಾಟಿನ ವೇಗದಿಂದ ಓಡಿತು. ಇಷ್ಟರಲ್ಲಿಯೇ ನಿಲ್ಲದೆ ಈ ಗುಳ್ಳೆಗಳು ಕುಸಿಯುವಾಗ ಕಂಚಿನ ಪಂಖಗಳನ್ನೂ ಹುಳು ತಿಂದಂತೆ ತಿಂದುಹಾಕುತ್ತಿದ್ದವು.

ಲೋಹವನ್ನೇ ತಿನ್ನುವ ಈ ಶಕ್ತಿಯನ್ನು ವಿಷದ ಮೇಲೆ ತಿರುಗಿಸಬಾರದೇಕೆ? ಬೆಂಗಳೂರಿನಲ್ಲಿ ನೀರು ನೂರು ಡಿಗ್ರಿಗೆ ಬದಲು ಸುಮಾರು ೯೭ ಡಿಗ್ರಿಗೇ ಕುದಿಯುವುದು. ಎತ್ತರದ ಊರಾದುದರಿಂದ ಅಲ್ಲಿ ಗಾಳಿಯ ಒತ್ತಡವು ಕಡಮೆ. ಒತ್ತಡವನ್ನು ಇಳಿಸುತ್ತ ಹೋದರೆ ೨೫ ಡಿಗ್ರಿಯ ತಣ್ಣೀರೂ ಕುದಿಯುವುದು. ಅದಕ್ಕೆ ವಾಯುಮಂಡಲದ ಒತ್ತಡದ ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಬೇಕು. ಪಂಪಿನಿಂದ ನೀರನ್ನು ನೂಕಿ ನಡುವೆ ಸಣ್ಣಗಾಗಿ ಮುಂದೆ ಮತ್ತೆ ಅಗಲವಾಗುವ ಕೊಳವೆಯಲ್ಲಿ ಹರಿಸಿದರೆ, ಇಕ್ಕಟ್ಟಿನ ಕಂಠದಲ್ಲಿ ನೀರಿನ ವೇಗವು ಹೆಚ್ಚಿ ಒತ್ತಡವು ಕುಗ್ಗುವುದು. ಇದು ೧೭೩೮ರಲ್ಲಿ ಬರ್ನೂಲಿಯು ತೋರಿಸಿದ ತತ್ತ್ವ. ಕೊಳವೆಗೆ ಇಟಲಿಯ ವೆಂಚುರಿಯ ಹೆಸರು. ಕಂಠದಲ್ಲಿ ಗುಳ್ಳೆಗಳು ಹುಟ್ಟುವುವು, ಅಗಲವಾದೆಡೆಯಲ್ಲಿ ಒತ್ತಡವು ಮರಳಿ ಬಂದಾಗ ಕುಸಿಯುವುವು. ಕುಸಿಯುವ ಒಂದು ಗುಳ್ಳೆಯ ಗರ್ಭದಲ್ಲಿ ಕ್ಷಣದ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ ಕಾಲ ಸಾವಿರಾರು ಡಿಗ್ರಿಯ ಬೇಗೆಯೂ ನೂರಾರು ವಾಯುಮಂಡಲಗಳ ಒತ್ತಡವೂ ಹುಟ್ಟುವುದು. ಶಬ್ದಾತೀತ ತರಂಗಗಳಿಂದ ಗುಳ್ಳೆಯೆಬ್ಬಿಸಿದ ಪ್ರಯೋಗಗಳಲ್ಲಿ ಸುಮಾರು ೫೦೦೦ ಡಿಗ್ರಿಯನ್ನು ಅಳೆದಿರುವರು. ಹೊರಗಿನ ನೀರಿಗೆ ಕೈಯಿಟ್ಟರೆ ಉಗುರುಬೆಚ್ಚಗೆ! ಆ ಕಿರುಗುಲುಮೆಯಲ್ಲಿ ನೀರಾವಿಯ ಅಣುವೇ ಒಡೆದು ನಮ್ಮ ಹಸಿದ ಹೈಡ್ರಾಕ್ಸಿಲ್ ತುಂಡು ಹೊರಬರುವುದು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿದುದು ಮುಖ್ಯವಾಗಿ ಮುಂಬಯಿಯ ರಸಾಯನ ತಂತ್ರಜ್ಞಾನ ಸಂಸ್ಥೆ. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಒಂದು ಶಾಖೆಯಾಗಿ ಹುಟ್ಟಿದಾಗ ಅದರ ಮೊದಲ ಪಾಠಗಳಲ್ಲಿ ಬಟ್ಟೆಯ ರಸಾಯನವೂ ಒಂದಾಗಿತ್ತು. ಈಗ ಅದೇ ಮನೆಯವರು ಬಟ್ಟೆಯ ಕೊಳೆಗೆ ಮದ್ದನ್ನು ಹುಡುಕುತ್ತಿರುವುದು ಉಚಿತವೇ. ಅಲ್ಲಿಯ ಅನಿರುದ್ಧ ಪಂಡಿತ್ ಮತ್ತು ಪರಾಗ್ ಗೊಗಟೆ ಎಂಬ ಆಚಾರ್ಯರ ಹೆಸರುಗಳು ಈ ಕ್ಷೇತ್ರದಲ್ಲಿ ಲೋಕಪ್ರಸಿದ್ಧವಾಗಿವೆ. ಪುಣೆಯ ರಾಷ್ಟ್ರೀಯ ರಸಾಯನಶಾಲೆಯವರು ಇಕ್ಕಟ್ಟಿನ ಕಂಠಕ್ಕೆ ಬದಲಾಗಿ ನೀರನ್ನು ಸುಳಿಯಾಗಿ ತಿರುಗಿಸಿ ಗುಳ್ಳೆಯೆಬ್ಬಿಸುವ ಪಾತ್ರೆಯನ್ನು ಮಾಡಿರುವರು. ಇಂಥ ಪ್ರಯೋಗಗಳಲ್ಲಿ ಮಾದರಿಯಾಗಿ ಬಳಸುವ ವರ್ಣಗಳಲ್ಲಿ ರೋಡಮೀನ್-ಬಿ ಎಂಬುದೊಂದು. ಇದು ವಾಚಕರಿಗೆ ಅಪರಿಚಿತವಲ್ಲ: ಜಾತ್ರೆಯ ಬೊಂಬಾಯಿ ಮಿಠಾಯಿಗೆ ಗುಲಾಬಿಯ ಬಣ್ಣವನ್ನು ಕೊಡುತ್ತಿದ್ದುದರಿಂದ ೨೦೨೪ರಲ್ಲಿ ಕರ್ನಾಟಕ ಸರ್ಕಾರವು ನಿಷೇಧಿಸಿದ ವರ್ಣವು ಇದೇ.

ಬರಿಯ ಗುಳ್ಳೆಯಿಂದಲೇ ಕೆಲಸವು ಪೂರೈಸುವುದಿಲ್ಲ. ವರ್ಣಗಳಲ್ಲಿ ಬಹಳಷ್ಟು ನೀರಿನಲ್ಲಿ ಕರಗಿ ಅಲ್ಲಿಯೇ ಇರತಕ್ಕವು. ಅವು ಆವಿಯಾಗಿ ಗುಳ್ಳೆಯ ಗುಲುಮೆಯೊಳಕ್ಕೆ ಹೋಗುವುದಿಲ್ಲ. ಹೊರಕ್ಕೆ ಬಂದ ರಾಡಿಕಲ್ಲುಗಳೂ ಒಂದನ್ನೊಂದು ಕೂಡಿ ಪೆರಾಕ್ಸೈಡಾಗಿ ತಣ್ಣಗಾಗಿಬಿಡುವುವು. ಆದರೆ ಆ ನೀರಿನಲ್ಲಿ ಕಬ್ಬಿಣವಿದ್ದರೆ? ತಣ್ಣಗಾದ ಪೆರಾಕ್ಸೈಡನ್ನು ಅದು ಮತ್ತೆ ಸೀಳುವುದು! ಗುಳ್ಳೆಯು ಕಳೆದುಕೊಂಡುದನ್ನು ಕಬ್ಬಿಣವು ಹುಡುಕಿಕೊಟ್ಟಂತಾಯಿತು. ಕಬ್ಬಿಣದ ದೋಷವನ್ನೂ ಗುಳ್ಳೆಯು ತಿದ್ದುವುದು. ಹೇಗೆಂದರೆ, ಕರಗಿದ ಲವಣಕ್ಕೆ ಬದಲು ಕಬ್ಬಿಣದ ಪುಡಿಯನ್ನೋ, ಮ್ಯಾಗ್ನೆಟೈಟಿನಂತಹ ಅದಿರಿನ ಪುಡಿಯನ್ನೋ ಹಾಕಿದರೆ ಕೆಂಪು ಕೆಸರು ಬಹಳ ಕಡಮೆಯಾಗುವುದು. ಮ್ಯಾಗ್ನೆಟೈಟೆಂದರೆ ಸೂಜಿಗಲ್ಲಿನ ಜಾತಿಯ ಅದಿರು, ನಮ್ಮ ಕುದುರೆಮುಖದ ಬೆಟ್ಟಗಳಲ್ಲಿರುವಂಥದು. ಕೆಲಸವಾದ ಮೇಲೆ ಅಯಸ್ಕಾಂತವನ್ನು ಹಿಡಿದರೆ ಪುಡಿಯೆಲ್ಲವೂ ಹಿಂದಕ್ಕೆ ಬರುವುದು, ಮರುದಿನದ ನೀರಿಗೂ ಒದಗುವುದು. ಪುಡಿಯ ಮೈಮೇಲೆ ತುಕ್ಕಿನ ಪೊರೆಯೂ ಕೊಳೆಯೂ ಕಟ್ಟಿಕೊಂಡು ಅದು ಮಂದವಾಗುವುದೇ ಇಲ್ಲಿಯ ತೊಂದರೆ. ಆದರೆ ಪಕ್ಕದಲ್ಲಿ ಕುಸಿಯುವ ಗುಳ್ಳೆಗಳು ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಯಂತೆ ಅದನ್ನು ಮತ್ತೆ ಮತ್ತೆ ಬೆಳಗುವುವು. ಹಡಗಿನ ಪಂಖವನ್ನು ತಿಂದ ಬಾಯಿಯೇ ಇಲ್ಲಿ ತಿಕ್ಕುವ ಕೈಯಾಯಿತು. ಪೆರಾಕ್ಸೈಡನ್ನು ಹೊರಗಿನಿಂದ ಹಾಕುವಾಗ ಮಾತ್ರ ಹಿತಮಿತವಿರಬೇಕು. ಹೆಚ್ಚಾದರೆ ಅದು ರಾಡಿಕಲ್ಲನ್ನು ತಾನೇ ನುಂಗಿಬಿಡುವುದು.

ಈಗ, ಹಿಂದೆ ನೆನಪಿನಲ್ಲಿಡಬೇಕೆಂದ ಮಾತಿಗೆ ಬರುವೆನು. ಕೊಂಡಿಯೊಂದು ಮುರಿದರೆ ಬಣ್ಣ ಹೋಗುವುದು. ಉಂಗುರಗಳು ಹಾಗೆಯೇ ಉಳಿದಿರಬಹುದು. ಗಾಜಿನ ಲೋಟದಲ್ಲಿ ತಿಳಿಯಾಗಿ ಹೊಳೆಯುವ ನೀರನ್ನು ತೋರಿಸಿ ‘ಶುದ್ಧವಾಯಿತು’ ಎನ್ನುವವರನ್ನು ನಾವು ಇನ್ನೊಂದು ಪ್ರಶ್ನೆ ಕೇಳಲೇಬೇಕು: ನೀರಿನಲ್ಲಿ ಇಂಗಾಲವೆಷ್ಟು ಉಳಿದಿದೆ? ಅದನ್ನು ಅಳೆಯುವ ಯಂತ್ರಗಳುಂಟು. ಬಣ್ಣವು ಬಹುಮಟ್ಟಿಗೆ ಹೋದ ಪ್ರಯೋಗಗಳಲ್ಲಿಯೂ ಇಂಗಾಲದ ಒಂದು ದೊಡ್ಡ ಪಾಲು ಉಳಿದುದು ಅನೇಕ ಸಲ ಕಂಡುಬಂದಿದೆ. ಆಮ್ಲಜನಕವಿಲ್ಲದೆಡೆ ಬರಿಯ ಕಬ್ಬಿಣದ ಪುಡಿಯನ್ನು ಹಾಕಿದರಂತೂ ಅಜೋ ಕೊಂಡಿಯು ಮುರಿದು ಆ ಬಣ್ಣವಿಲ್ಲದ ಅಮೀನುಗಳೇ ಉಳಿಯುವುವು. ಆದುದರಿಂದ ಬುದ್ಧಿವಂತರು ಗುಳ್ಳೆ ಕಬ್ಬಿಣಗಳಿಂದ ಗಟ್ಟಿಯಾದ ಅಣುಗಳನ್ನು ತುಂಡುಮಾಡಿ, ಆ ತುಂಡುಗಳನ್ನು ತಿಂದು ಮುಗಿಸುವ ಕೆಲಸವನ್ನು ಸೂಕ್ಷ್ಮಜೀವಿಗಳ ತೊಟ್ಟಿಗೆ ಬಿಡುವರು. ಅಣುವನ್ನು ಕೊನೆಯವರೆಗೂ ಪಂಪಿನ ಬಲದಿಂದಲೇ ಸುಡುವೆನೆಂದರೆ ವಿದ್ಯುತ್ತಿನ ಬಿಲ್ಲಿನಲ್ಲಿ ಕಾರ್ಖಾನೆಯೇ ಸುಟ್ಟುಹೋದೀತು.

ಉಪ್ಪಿನ ಮಾತೊಂದು ಉಳಿದಿದೆ. ಹತ್ತಿಗೆ ಬಣ್ಣವು ಹತ್ತಲೆಂದು ತೊಟ್ಟಿಯ ನೀರಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪನ್ನು ಹಾಕುವರು. ನೊಯ್ಯಲಿನ ಹೊಲಗಳನ್ನು ಕೆಡಿಸಿದುದರಲ್ಲಿ ಬಣ್ಣಕ್ಕಿಂತ ಉಪ್ಪಿನ ಪಾಲೇ ಹೆಚ್ಚು. ಅದನ್ನು ಗುಳ್ಳೆಯೂ ಸುಡಲಾರದು, ಕಬ್ಬಿಣವೂ ಸುಡಲಾರದು. ಕಾರ್ಖಾನೆಯಿಂದ ಒಂದು ಹನಿ ನೀರೂ ಹೊರಕ್ಕೆ ಹೋಗಕೂಡದೆಂಬ ಕಟ್ಟಳೆಯ ಮೇಲೆ ತಿರುಪ್ಪೂರಿನವರು ಈಗ ನೀರನ್ನು ಸೂಕ್ಷ್ಮವಾದ ಪೊರೆಗಳ ಮೂಲಕ ಸೋಸಿ, ಉಳಿದುದನ್ನು ಕಾಸಿ ಬತ್ತಿಸಿ, ಉಪ್ಪನ್ನೂ ನೀರನ್ನೂ ಮರಳಿ ಬಣ್ಣದ ತೊಟ್ಟಿಗೇ ತರುವರು. ಹೀಗೆ ಮರಳಿ ಬರುವ ಉಪ್ಪುನೀರಿನಲ್ಲಿ ನಿನ್ನೆಯ ಕೆಂಪಿನ ಸುಳಿವಿದ್ದರೆ ಇಂದಿನ ಹಳದಿಯು ಕೆಡುವುದು. ಆದುದರಿಂದ ಅದರ ಬಣ್ಣವನ್ನು ತೆಗೆಯಲೇಬೇಕು. ಆದರೆ ಅದೇ ಉಪ್ಪಿನಲ್ಲಿರುವ ಕ್ಲೋರೈಡು ನಮ್ಮ ಹಸಿದ ರಾಡಿಕಲ್ಲುಗಳಿಗೆ ತಾನೇ ತುತ್ತಾಗಿ, ಅವು ವರ್ಣವನ್ನು ಮುಟ್ಟದಂತೆ ಅಡ್ಡಬರುವುದು. ಪ್ರಯೋಗಶಾಲೆಯ ಶುದ್ಧವಾದ ನೀರಿನಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಕೆಲಸವು ಬಣ್ಣದ ಮನೆಯ ನೀರಿನಲ್ಲಿ ಅಷ್ಟು ಬೇಗ ಮುಗಿಯದಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು.